ಕಾಕಾ ಹೆಸರಿನ ಬೋರ್ಡು

ಚಿಕಾಗೋದ ಡೆವನ್ ಅವೆನ್ಯೂನಲ್ಲಿ ವಾರದ ತರಕಾರಿ ಮುಗಿಸಿ ಸೀನನ ಮನೆಯಲ್ಲಿ ಕಾಫಿಗೆ ಕೂತಿದ್ದೆವು. ಸೀನ ಇದ್ದಕ್ಕಿದ್ದಂತೆ, "ನಮ್ಮ ಅಂಗಡಿ ಕಾಕಾ ಹೆಸರಲ್ಲಿ ಒಂದು ರಸ್ತೆ ಆಗಬೇಕು ಕಣ್ರೋ" ಎಂದ.

ಕಾಕಾ ಗುಜರಾತಿನವರು. ಸೀನ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಮೂಟೆ ಸೋನಾ ಮಸೂರಿ ಉದ್ರಿ ಕೊಟ್ಟಿದ್ದರು. ಅಂದಿನಿಂದ ಅವನಿಗೆ ದೇವರ ಸಮಾನ.

"ಹೆಸರು ಬದಲಾದರೆ ಲೈಸೆನ್ಸು, ಬ್ಯಾಂಕು, ಎಲ್ಲಾ ಕಡೆ ವಿಳಾಸ ತಿದ್ದಬೇಕಲ್ಲಪ್ಪ" ಎಂದೆ.

"ಬೇಡ. ಇದು ಗೌರವಕ್ಕೆ ಹಾಕೋ ಕಂದು ಬೋರ್ಡು. ಅಸಲಿ ಹೆಸರು ಹಾಗೇ ಇರುತ್ತೆ. ಆಲ್ಡರ್‌ಮನ್ ಹಿಡಿದು ಸಿಟಿ ಕೌನ್ಸಿಲ್‌ನಲ್ಲಿ ಪಾಸ್ ಮಾಡಿಸಬೇಕು, ಅಷ್ಟೇ."

ಆಲ್ಡರ್‌ಮನ್ ಅಂದರೆ ನಮ್ಮ ಕಾರ್ಪೊರೇಟರ್ ಇದ್ದ ಹಾಗೆ. ಸೀನನ ಮಾವ ರಾಯರಿಗೆ ಅದನ್ನು ಬಿಡಿಸಿ ಹೇಳಿದ ಮೇಲೆ, "ಹಾಗಾದರೆ ಹಾರ ತುರಾಯಿ ಎಲ್ಲಾ ಇರುತ್ತೆ" ಎಂದು ಕುರ್ಚಿ ಮುಂದಕ್ಕೆಳೆದುಕೊಂಡರು. ಬಸವನಗುಡಿಯಿಂದ ಮೂರು ತಿಂಗಳಿಗೆ ಬಂದವರು, ಪಾಪ, ಬೇಸರವಾಗಿತ್ತು.

"ಡೆವನ್‌ನಲ್ಲಿ ಜಾಗ ಎಲ್ಲಿದೆ?" ಎಂದಳು ಸೀನನ ಹೆಂಡತಿ ಪದ್ದಿ. "ಒಂದೇ ರಸ್ತೆಗೆ ಗಾಂಧಿ ಮಾರ್ಗ, ಜಿನ್ನಾ ವೇ, ಶೇಖ್ ಮುಜೀಬ್ ವೇ, ಗೋಲ್ಡಾ ಮೇಯರ್ ಬುಲವಾರ್ಡ್. 155ನೇ ನಂಬರ್ ಬಸ್ ಹತ್ತಿದರೆ ವೀಸಾ ಇಲ್ಲದೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಇಸ್ರೇಲ್, ನಾಲ್ಕು ದೇಶ."

"ಅವರೆಲ್ಲಾ ದೊಡ್ಡೋರು. ಅಂಗಡಿಯವರಿಗೇ ಅಂದರೆ ಪಟೇಲ್ ಬ್ರದರ್ಸ್‌ನ ಮಫತ್ ಪಟೇಲರು ನೆನಪಾಗ್ತಾರೆ" ಎಂದೆ. "1974ರಲ್ಲಿ ಸೋದರ ತುಳಸಿ ಜೊತೆ ಇದೇ ಡೆವನ್‌ನಲ್ಲಿ ಶುರು ಮಾಡಿದ್ದು. ಈಗ ದೇಶದ ತುಂಬಾ 50ಕ್ಕೂ ಜಾಸ್ತಿ ಅಂಗಡಿ."

"ಮಫತ್ ಅಂದ್ರ ನಮ್ಮ ಕಡೆ ಪುಕ್ಕಟೆ ರೀ" ಎಂದ ಹುಬ್ಬಳ್ಳಿ ರುದ್ರಣ್ಣ. "ಹೆಸರು ಕೇಳಿ ಮೊದಲ ಸಲ ಎರಡು ಚೀಲ ಹಿಡಕೊಂಡು ಹೋಗಿದ್ದೆ."

ಪದ್ದಿ ಸುಲಭಕ್ಕೆ ಒಪ್ಪಲಿಲ್ಲ. ನ್ಯೂಯಾರ್ಕಿನ 74ನೇ ಬೀದಿಯಲ್ಲೂ ಪೂರ್ತಿ ನಮ್ಮವರದ್ದೇ ಅಂಗಡಿಗಳು, ಆದರೂ ಅಲ್ಲಿ ಕಲ್ಪನಾ ಚಾವ್ಲಾ ಹೆಸರಿಟ್ಟರು ಎಂದಳು. "ಆಕೆ ಬಾಹ್ಯಾಕಾಶಕ್ಕೆ ಹೋಗಿದ್ದರು. ಕಾಕಾ ಎಲ್ಲಿಗೆ ಹೋಗಿದ್ದಾರೆ? ಬೇಸ್‌ಮೆಂಟಿಗೆ, ಹುಣಸೆಹಣ್ಣು ತರೋಕೆ."

ಸೀನನಿಗೆ ಸಿಟ್ಟು ಬಂತು. "ಪ್ಲೇಬಾಯ್ ಪತ್ರಿಕೆಯ ಹ್ಯೂ ಹೆಫ್ನರ್‌ಗೇ 2000ದಲ್ಲಿ ಬೋರ್ಡು ಹಾಕಿದ ಊರು ಇದು. ಅಕ್ಕಿ ಕೊಟ್ಟೋರಿಗೆ ಹಾಕಲ್ವಾ?"

"ಎಲ್ಲಿದೆಯಪ್ಪಾ ಆ ರಸ್ತೆ?" ಎಂದರು ರಾಯರು. ಪದ್ದಿ ತಿರುಗಿ ನೋಡಿದಳು. "ಸುಮ್ನೆ ಕೇಳಿದೆ ಕಣಮ್ಮ."

ಮಾತು ಮರೆಸಲೆಂದೇ ಇರಬೇಕು, ರಾಯರು ಬೆಂಗಳೂರಿಗೆ ಹೊರಟರು. "ಬೋರ್ಡು ಯಾಕ್ರಯ್ಯಾ ಬೇಕು? ಮಿನರ್ವ ಟಾಕೀಸು ನೆಲಸಮ ಆಯ್ತು, ಸರ್ಕಲ್ ಇನ್ನೂ ಮಿನರ್ವದ್ದೇ. ಜಯನಗರದಲ್ಲಿ ನಂದಾ ಟಾಕೀಸೂ ಇಲ್ಲ. ಆಟೋದವನಿಗೆ ಹೇಳಿ ನೋಡಿ, ಅಲ್ಲೇ ಇಳಿಸ್ತಾನೆ. ಜನ ಕರೆದದ್ದೇ ಹೆಸರು."

ಅದು ನಿಜವೇ. ನಾವೂ ಆ ಮೂಲೆಯನ್ನು 'ಕಾಕಾ ಕಾರ್ನರ್' ಎಂದೇ ಕರೆಯುತ್ತೇವೆ. ಆದರೆ ಸೀನ ಲ್ಯಾಪ್‌ಟಾಪ್ ತೆರೆದಾಗಿತ್ತು. ಆಲ್ಡರ್‌ಮನ್‌ಗೆ ಪತ್ರ. "ಮಾನ್ಯರೇ, ನಮ್ಮ ಬೀದಿಯ ಹಿರಿಯ ವ್ಯಾಪಾರಿ ಶ್ರೀ..." ಅಲ್ಲಿಗೆ ಬೆರಳು ನಿಂತಿತು. "ಕಾಕಾ ಹೆಸರೇನ್ರೋ?"

ನಾನು ರುದ್ರಣ್ಣನನ್ನು ನೋಡಿದೆ. ರುದ್ರಣ್ಣ ಪದ್ದಿಯನ್ನು ನೋಡಿದ. ಹದಿನೆಂಟು ವರ್ಷದಿಂದ ಬೇಳೆ ತಂದಿದ್ದೇವೆ, ಒಬ್ಬರಿಗೂ ಗೊತ್ತಿಲ್ಲ. ಬಿಲ್ಲಿನಲ್ಲೂ ಬರೀ 'ಥ್ಯಾಂಕ್ ಯೂ'.

"ರೀ, ಈಗಲೇ ಹೋಗಿ ಕೇಳ್ಕೊಂಡು ಬನ್ನಿ, ಒಂಬತ್ತರವರೆಗೆ ತೆಗೆದಿರುತ್ತೆ" ಎಂದಳು ಪದ್ದಿ.

ಸೀನ ಲ್ಯಾಪ್‌ಟಾಪ್ ಮುಚ್ಚಿದ. "ನೀನೇ ಹೋಗೇ. ನನ್ನ ಕಂಡರೆ ಅವರು ಉದ್ರಿ ಪುಸ್ತಕ ತೆಗೀತಾರೆ."