ಹೋಂಸ್ಟೇ ವೆಬ್‌ಸೈಟ್‌ಗೆ ಜನ ಬರೋ ಹಾಗೆ ಮಾಡುವುದು ಹೇಗೆ?

ತೋಟದಮನೆ_ಮೂಡಿಗೆರೆ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಸಿದ ಮೇಲೆ ಒಂದು ಮಳೆಗಾಲವೇ ಕಳೆಯಿತು, ಅದನ್ನು ನೋಡಿ ಫೋನ್ ಮಾಡಿದವರು ಯಾರೂ ಇಲ್ಲ. ಬರುವವರೆಲ್ಲ ಬುಕಿಂಗ್ ಆ್ಯಪ್‌ನಿಂದಲೇ, ಅವರ ಕಮಿಷನ್ ಕಳೆದರೆ ನಮಗೆ ಉಳಿಯುವುದು ಅಷ್ಟಕ್ಕಷ್ಟೆ. 'ಚಿಕ್ಕಮಗಳೂರು ಹೋಂಸ್ಟೇ' ಅಂತ ಗೂಗಲ್ ಮಾಡಿದರೆ ಎಷ್ಟು ಕೆಳಗೆ ಹೋದರೂ ನಮ್ಮ ಹೆಸರಿಲ್ಲ. ಮೊನ್ನೆ ಯಾರೋ ಫೋನ್ ಮಾಡಿ, ದುಡ್ಡು ಕೊಟ್ಟರೆ ತಿಂಗಳಿಗೆ ಹತ್ತು ಸಾವಿರ ವಿಸಿಟರ್ಸ್ ಕೊಡಿಸುತ್ತೇವೆ ಅಂದರು. ಕೊಡಬಹುದಾ?

ಘಾಟಿ_ಕೋಡರ್:
ಆ ವಿಸಿಟರ್ಸ್ ಮನುಷ್ಯರಲ್ಲ ಮಾರಾಯ್ರೆ, ಬಾಟ್‌ಗಳು, ಅಂದರೆ ತಾವಾಗಿಯೇ ಸೈಟ್ ತೆರೆಯುವ ಪ್ರೋಗ್ರಾಂಗಳು. ಅವಕ್ಕೆ ರೂಮೂ ಬೇಡ, ಕಡುಬೂ ಬೇಡ. ದುಡ್ಡು ಇಟ್ಟುಕೊಳ್ಳಿ.

ಮೊದಲು ಗೂಗಲ್‌ಗೆ ನಿಮ್ಮ ಸೈಟ್ ಕಾಣುತ್ತಿದೆಯಾ ನೋಡಿ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಇದೆ, ಅದರಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಒಂದು ಟಿಕ್ ಇರುತ್ತದೆ. ಸೈಟ್ ಕಟ್ಟುವವರು ಕೆಲಸ ಮುಗಿಯುವ ತನಕ ಅಂತ ಹಾಕಿರುತ್ತಾರೆ, ಆಮೇಲೆ ಅದನ್ನು ಯಾರೂ ತೆಗೆಯುವುದಿಲ್ಲ. ಅದು ಸರಿ ಇದ್ದರೆ ಸರ್ಚ್ ಕನ್ಸೋಲ್ ಅನ್ನುವ ಗೂಗಲ್‌ನದೇ ಟೂಲ್‌ಗೆ ಸೈಟ್ ಸೇರಿಸಿ, ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿ) ಕೊಡಿ. ಪುಕ್ಕಟೆ. ಜನ ಏನು ಟೈಪ್ ಮಾಡಿದಾಗ ನೀವು ಕಾಣಿಸಿದಿರಿ, ಎಷ್ಟು ಜನ ಕ್ಲಿಕ್ ಮಾಡಿದರು ಅಂತ ಅಲ್ಲೇ ಗೊತ್ತಾಗುತ್ತದೆ. ಇನ್ನು ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದ ಹಾಗೆ ಇಡುವ ಪದಗಳ ಪಟ್ಟಿ) ತುಂಬಿಕೊಡುತ್ತೇವೆ ಅಂತ ಯಾರಾದರೂ ಬಂದರೆ ನಕ್ಕು ಕಳಿಸಿ. ರ‍್ಯಾಂಕಿಂಗ್‌ಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಸಕಲೇಶಪುರ_ಏಲಕ್ಕಿ:
ನಾನಂತೂ ವೆಬ್‌ಸೈಟ್ ಗೊಡವೆಗೇ ಹೋಗಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ, ಮ್ಯಾಪ್‌ನಲ್ಲಿ ಗುರುತು ನಿಮ್ಮ ಗೇಟಿನ ಹತ್ತಿರವೇ ಇರಲಿ, ಹೊರಡುವಾಗ ಗೆಸ್ಟ್‌ಗಳಿಗೆ ರಿವ್ಯೂ ಬರೆಯಲು ಹೇಳಿ. ನಮಗೆ ಫೋನ್ ಬರುವುದೆಲ್ಲ ಅಲ್ಲಿಂದಲೇ.

ಬೇಲೂರು_ಹುಡುಗಿ:
ಏಲಕ್ಕಿ ಸರ್, ಮ್ಯಾಪ್ ಬೇಕೇ ಬೇಕು, ಒಪ್ಪಿದೆ. ಆದರೆ ಮ್ಯಾಪ್ ನೋಡುವವರು ಟ್ರಿಪ್ ಆಗಲೇ ಗೊತ್ತು ಮಾಡಿಕೊಂಡವರು. ಇನ್ನೂ ಎಲ್ಲಿಗೆ ಹೋಗೋಣ ಅಂತ ಯೋಚನೆಯಲ್ಲಿ ಇರುವವರನ್ನು ಹಿಡಿಯಬೇಕಾದರೆ ಸೈಟ್‌ನಲ್ಲಿ ಓದೋಕೆ ಏನಾದರೂ ಇರಬೇಕು ಅಲ್ವಾ?

'ಚಿಕ್ಕಮಗಳೂರು ಹೋಂಸ್ಟೇ' ಅನ್ನುವುದರ ಹಿಂದೆ ಬೀಳಬೇಡಿ, ಅಲ್ಲಿ ದೊಡ್ಡ ಬುಕಿಂಗ್ ಸೈಟ್‌ಗಳದ್ದೇ ದರ್ಬಾರು. ಗೆಸ್ಟ್‌ಗಳು ಬರುವ ಮೊದಲು ನಿಮಗೆ ಫೋನ್ ಮಾಡಿ ಏನು ಕೇಳುತ್ತಾರೋ ಅದನ್ನೇ ಒಂದೊಂದು ಪುಟ ಮಾಡಿ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹೇಗಿರುತ್ತದೆ, ದೇವರಮನೆಗೆ ಸಣ್ಣ ಕಾರು ಹತ್ತುತ್ತಾ, ಇಂಬಳಕ್ಕೆ ಏನು ಮಾಡಬೇಕು, ನಿಮ್ಮಲ್ಲಿ ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ. ಕಾಫಿ ಹೂವಿನ ಬಗ್ಗೆಯಂತೂ ಬರೆಯಲೇಬೇಕು. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬಿದ್ದು 8-10 ದಿನಕ್ಕೆ ಅರಳುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ, ಬೆಂಗಳೂರಿನವರಿಗೆ ಇದು ಗೊತ್ತಿರಲ್ಲ, ತಿಂಗಳ ಮುಂಚೆ ರೂಮ್ ಹಿಡಿದು ಹೂವು ಎಲ್ಲಿ ಅಂತ ಕೇಳುತ್ತಾರೆ. ನಿಮ್ಮ ತೋಟದಲ್ಲಿ ಮಳೆ ಬಿದ್ದ ದಿನವೇ ಸೈಟ್‌ನಲ್ಲಿ ಹಾಕಿದರೆ, ಅದನ್ನು ಯಾವ ದೊಡ್ಡ ಸೈಟೂ ಮಾಡಲಾರದು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ನಿಮ್ಮಲ್ಲಿಂದ ಒಂದೇ ದಿನದಲ್ಲಿ ಎರಡೂ ನೋಡಿ ವಾಪಸ್ ಬರುವುದು ಹೇಗೆ ಅಂತಲೂ ಬರೆಯಿರಿ.

ಫೋಟೋ ಮಾತ್ರ ಕ್ಯಾಮೆರಾದಿಂದ ತೆಗೆದ ಹಾಗೇ ಏರಿಸಬೇಡಿ. ಕುಗ್ಗಿಸಿ, ವೆಬ್‌ಪಿ (WebP, ಸೈಜ್ ಕಡಿಮೆ ಇರುವ ಫೋಟೋ ಫಾರ್ಮ್ಯಾಟ್) ಮಾಡಿ ಹಾಕಿ. ಮೊಬೈಲ್‌ನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಅಳತೆ.

ತೋಟದಮನೆ_ಮೂಡಿಗೆರೆ:
ಥ್ಯಾಂಕ್ಸ್. ಟಿಕ್ ನೋಡಿದೆ, ಇರಲಿಲ್ಲ. ಸರ್ಚ್ ಕನ್ಸೋಲ್‌ಗೆ ಸೇರಿಸಿದ್ದೇನೆ. ಕನ್ನಡದಲ್ಲೂ ಬರೆಯಬೇಕಾ, ಇಂಗ್ಲಿಷ್ ಸಾಕಾ?

ಘಾಟಿ_ಕೋಡರ್:
ಎರಡರಲ್ಲೂ ಬರೆಯಿರಿ, ಬೇರೆ ಬೇರೆ ಪುಟದಲ್ಲಿ. ಕನ್ನಡದಲ್ಲಿ ಪೈಪೋಟಿ ಕಡಿಮೆ. ಮೆಷಿನ್ ಅನುವಾದ ಮಾಡಿದ್ದನ್ನು ಹಾಗೇ ತಂದು ಹಾಕಬೇಡಿ ಅಷ್ಟೆ, ಫೋನ್‌ನಲ್ಲಿ ಮಾತಾಡಿದ ಹಾಗೆ ಬರೆಯಿರಿ. ಫಲ ಕಾಣಲು ಕೆಲವು ತಿಂಗಳು ಬೇಕು, ಹಾಗಾಗಿ ಹೂವಿನ ಪುಟ ಈಗಲೇ ಶುರು ಮಾಡಿ. ಫೆಬ್ರವರಿಯಲ್ಲಿ ಬರೆದರೆ ತಡವಾಗುತ್ತದೆ.