ಲೈನ್ ಸೂಪರ್‌ವೈಸರ್ ಆದವರು ಗದರಬೇಕಾ, ಕೇಳಬೇಕಾ?

ಪ್ರಶ್ನೆ: ಮೇಡಂ, ಗಾರ್ಮೆಂಟ್ಸ್‌ನಲ್ಲಿ ತುಂಬಾ ವರ್ಷ ಟೈಲರ್ ಆಗಿದ್ದೆ, ಈಗ ಲೈನ್ ಸೂಪರ್‌ವೈಸರ್ ಮಾಡಿದ್ದಾರೆ. ಟ್ರೈನಿಂಗ್‌ನಲ್ಲಿ ನಾಯಕತ್ವದ ಶೈಲಿಗಳು ಅಂತ ಒಂದು ಪಟ್ಟಿ ಕೊಟ್ಟರು, ತಲೆಗೆ ಹೋಗಲಿಲ್ಲ. ಫ್ಲೋರ್ ಇನ್‌ಚಾರ್ಜ್ ನೋಡಿದರೆ ‘ಗದರದಿದ್ರೆ ಟಾರ್ಗೆಟ್ ಬರಲ್ಲ’ ಅನ್ನುತ್ತಾರೆ. ಮೊನ್ನೆವರೆಗೂ ಪಕ್ಕದ ಮಷಿನ್‌ನಲ್ಲಿ ಕೂತಿದ್ದವರನ್ನು ಹೇಗೆ ಗದರಲಿ? ಮುಂದಿನ ವಾರ ಹೊಸ ಆರ್ಡರ್ ಬೇರೆ, ಕಾಲರ್ ಕೆಲಸದ ಕ್ರಮವೇ ಬದಲಾಗುತ್ತಿದೆ. ಯಾವ ಶೈಲಿ ಸರಿ?

ಉತ್ತರ: ಗದರಿದರೆ ಪೀಸ್ ಬರುತ್ತವೆ, ಸುಳ್ಳಲ್ಲ. ಆದರೆ ನೀವು ಲೈನ್ ಬಿಟ್ಟು ಆಚೆ ಹೋದಾಗ ಏನಾಗುತ್ತದೆ ನೋಡಿ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಅನ್ನುವ ಮನಶ್ಶಾಸ್ತ್ರಜ್ಞರು ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪು ಕಟ್ಟಿ ಇದನ್ನೇ ಪರೀಕ್ಷಿಸಿದರು. ಹುಕುಂ ನಡೆಸುವ ಮುಖಂಡನ ಕೈಕೆಳಗೆ ತೆಪ್ಪಗೆ ಕೂತ ಹುಡುಗರು ಅವನು ಇದ್ದಾಗ ಶೇ 74ರಷ್ಟು ಸಮಯ ಕೆಲಸ ಮಾಡಿದರು. ಅವನು ಹೊರಗೆ ಹೋದ, ಶೇ 29ಕ್ಕೆ ಇಳಿಯಿತು. ಎಲ್ಲರನ್ನೂ ಕೇಳಿ ತೀರ್ಮಾನಿಸುತ್ತಿದ್ದ ಗುಂಪಿನಲ್ಲಿ ಶೇ 50 ಇದ್ದದ್ದು 46 ಆಯಿತು, ಅಷ್ಟೇ. ಸುಮ್ನೆ ಬಿಟ್ಟ ಗುಂಪಿನದು ಮುಖಂಡ ಎದುರಿಗಿದ್ದಾಗಲೂ ಅಷ್ಟಕ್ಕಷ್ಟೇ. ಮುಖಂಡರು ಗುಂಪು ಬದಲಾದಾಗ ಶೈಲಿಯನ್ನೂ ಬದಲಿಸಿಕೊಂಡರು, ಹಾಗಾಗಿ ‘ನನ್ನ ಸ್ವಭಾವವೇ ಹೀಗೆ’ ಅನ್ನುವ ಮಾತು ನಡೆಯುವುದಿಲ್ಲ.

ಅವರು ಹುಡುಗರು, ನಮ್ಮದು ಫ್ಯಾಕ್ಟರಿ ಅನ್ನುತ್ತೀರಾ? ನಿಮ್ಮ ಕಸುಬಿನದೇ ಒಂದಿದೆ. ವರ್ಜೀನಿಯಾದ ಹಾರ್‌ವುಡ್ ಪೈಜಾಮ ಕಾರ್ಖಾನೆಯಲ್ಲಿ ಲೆಸ್ಟರ್ ಕೋಕ್, ಜಾನ್ ಫ್ರೆಂಚ್ ಮಾಡಿದ ಅಧ್ಯಯನ, 1948ರಲ್ಲಿ ಪ್ರಕಟವಾಯಿತು. ಅಲ್ಲಿ ಇಸ್ತ್ರಿಯವರು ಅರ್ಧ ಡಜನ್ ಬಟ್ಟೆಯನ್ನು ರಟ್ಟಿನ ಮೇಲೆ ಪೇರಿಸುತ್ತಿದ್ದರು. ಇನ್ನು ಮೇಲೆ ಡಬ್ಬಿಯಲ್ಲಿ ಪೇರಿಸಿ ಅಂತ ಬಂತು. ಇಷ್ಟು ಸಣ್ಣ ಬದಲಾವಣೆ! ಆದರೆ ತೀರ್ಮಾನ ಮಾಡಿಯಾದ ಮೇಲೆ ಕರೆದು ಹೇಳಿದರು. ಉತ್ಪಾದನೆ ಕುಸಿದದ್ದು ಮೇಲೆ ಏಳಲೇ ಇಲ್ಲ, ಮೊದಲ 40 ದಿನದಲ್ಲಿ ಶೇ 17ರಷ್ಟು ಜನ ಕೆಲಸವನ್ನೇ ಬಿಟ್ಟರು. ಇಂಥದೇ ಬದಲಾವಣೆಯನ್ನು ಎಲ್ಲರ ಜೊತೆ ಕೂತು ರೂಪಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಹಳೆಯ ಮಟ್ಟಕ್ಕಿಂತ ಸುಮಾರು ಶೇ 14 ಮೇಲೆ ಹೋದವು. ಒಬ್ಬರೂ ಬಿಟ್ಟು ಹೋಗಲಿಲ್ಲ. ನನಗೆ ಇಷ್ಟವಾದದ್ದು ಮುಂದಿನದು: ಎರಡೂವರೆ ತಿಂಗಳ ನಂತರ ಆ ಇಸ್ತ್ರಿ ಗುಂಪಿನಲ್ಲಿ ಉಳಿದವರನ್ನೇ ಇನ್ನೊಂದು ಹೊಸ ಕೆಲಸಕ್ಕೆ ಹಾಕಿದರು, ಈ ಸಲ ಅವರನ್ನೂ ಕೂರಿಸಿಕೊಂಡು. ಅವರೂ ಚೆನ್ನಾಗಿಯೇ ಮಾಡಿದರು. ಜನ ಅವರೇ, ಅಲ್ವಾ?

ಹಾಗಾಗಿ ಹೊಸ ಆರ್ಡರ್ ಲೋಡ್ ಆಗುವ ಮೊದಲೇ ಸ್ಯಾಂಪಲ್ ಪೀಸ್ ಹಿಡಿದುಕೊಂಡು ಕಾಲರ್‌ನವರ ಹತ್ತಿರ ಹೋಗಿ. ಯಾಕೆ ಬದಲಾಗಿದೆ ಹೇಳಿ, ಯಾರು ಯಾವ ಆಪರೇಷನ್, ಮಷಿನ್ ಎಲ್ಲಿ ಅಂತ ಕೇಳಿ. ಟಾರ್ಗೆಟ್, ಡೆಲಿವರಿ ದಿನ ನಿಮ್ಮ ಕೈಯಲ್ಲಿಲ್ಲ ಅಂತ ಮೊದಲೇ ಹೇಳಿಬಿಡಿ. ಎಲ್ಲ ತೀರ್ಮಾನ ಆದ ಮೇಲೆ ಕೇಳುವ ನಾಟಕ ಮಾಡಿದರೆ ಗದರುವುದಕ್ಕಿಂತ ಕೆಟ್ಟದಾಗುತ್ತದೆ.

ಮತ್ತೊಬ್ಬರು: ನಿನ್ನೆ ಸೇರಿದ ಹೆಲ್ಪರ್‌ನೂ ಕೇಳ್ತಾ ಕೂರೋದಾ ಮೇಡಂ? ಸಂಜೆ ಆಗತ್ತೆ.

ಉತ್ತರ: ಬೇಡ. ಸಾಂದರ್ಭಿಕ ನಾಯಕತ್ವ ಅನ್ನುವುದು ಇದಕ್ಕೇ, ಹರ್ಸಿ ಮತ್ತು ಬ್ಲಾಂಚರ್ಡ್ ಅನ್ನುವ ಮ್ಯಾನೇಜ್‌ಮೆಂಟ್ ಲೇಖಕರು 1969ರಲ್ಲಿ ಹೇಳಿದ್ದು. ಕೆಲಸ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಿ, ಪಳಗಿದವರಿಗೆ ಬಿಟ್ಟುಕೊಡಿ. ಟ್ರೈನಿಂಗ್‌ನಲ್ಲಿ ಇದನ್ನು ವೇದವಾಕ್ಯದ ಹಾಗೆ ಹೇಳುತ್ತಾರೆ, ಸಂಶೋಧನೆಯ ಬೆಂಬಲ ಅಷ್ಟೇನೂ ಇಲ್ಲ. ಹೊಸಬರ ಮಟ್ಟಿಗೆ ಪರವಾಗಿಲ್ಲ. ಇಪ್ಪತ್ತು ವರ್ಷದ ಟೈಲರ್ ಕೂಡ ಹೊಸ ಮಷಿನ್ ಮುಂದೆ ಹೊಸಬರೇ, ಅದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು: ಇನ್‌ಚಾರ್ಜ್‌ಗೆ ಏನು ಹೇಳಲಿ?

ಉತ್ತರ: ವಾದ ಮಾಡಬೇಡಿ. ಜನ ಮೈಗಳ್ಳರು, ತಳ್ಳದಿದ್ದರೆ ನಡೆಯಲ್ಲ ಅನ್ನುವ ನಂಬಿಕೆಗೆ ಡಗ್ಲಸ್ ಮೆಕ್‌ಗ್ರೆಗರ್ ಅನ್ನುವ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು 1960ರಲ್ಲೇ ‘ಎಕ್ಸ್ ಸಿದ್ಧಾಂತ’ ಅಂತ ಹೆಸರಿಟ್ಟಿದ್ದಾರೆ, ಬಾಯಿಮಾತಿಗೆ ಅದು ಹೋಗುವುದಿಲ್ಲ. ಗಂಟೆ ಗಂಟೆಯ ಪ್ರೊಡಕ್ಷನ್ ಜೊತೆಗೆ ಆಲ್ಟರ್ ಪೀಸ್ (ತಪ್ಪಾಗಿ ಮತ್ತೆ ಸರಿಮಾಡಬೇಕಾದವು) ಎಷ್ಟು, ರಜೆ ಎಷ್ಟು, ಯಾರು ಕೆಲಸ ಬಿಟ್ಟರು ಅಂತಲೂ ಬರೆದಿಡಿ. ಆರ್ಡರ್ ಮುಗಿದ ಮೇಲೆ ಆ ಹಾಳೆ ತೋರಿಸಿ.