ಥೆರಪಿಸ್ಟ್ ಒಳ್ಳೆಯವರೇ, ಆದರೆ ನನಗೆ ಒಗ್ಗುತ್ತಿಲ್ಲ: ಕಾಯಬೇಕೇ, ಬದಲಾಯಿಸಬೇಕೇ?

ಘಟ್ಟದಮಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು. ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕಳೆದ ವರ್ಷ ಅಮ್ಮ ತೀರಿಕೊಂಡರು. ಆಸ್ಪತ್ರೆಯಿಂದ ಕರೆ ಬಂದದ್ದು ರಾತ್ರಿ ಹತ್ತರ ಸುಮಾರಿಗೆ. ಅಂದಿನಿಂದ ರಾತ್ರಿ ಹೊತ್ತು ಯಾರದೇ ಫೋನ್ ಬಂದರೂ ಎದೆ ಧಸಕ್ಕೆನ್ನುತ್ತದೆ, ಆಮೇಲೆ ಬೆಳಗಿನ ಜಾವದವರೆಗೂ ನಿದ್ದೆ ಹತ್ತುವುದಿಲ್ಲ. ಗೆಳತಿಯೊಬ್ಬಳು ಒತ್ತಾಯ ಮಾಡಿದ್ದರಿಂದ ಒಂದು ಆ್ಯಪ್ ಮೂಲಕ ಥೆರಪಿಸ್ಟ್ ಒಬ್ಬರನ್ನು ಗೊತ್ತುಮಾಡಿಕೊಂಡೆ. ಮೂರು ಸೆಷನ್‌ಗಳಾಗಿವೆ. ಹೇಳಿದ ಸಮಯಕ್ಕೆ ಸರಿಯಾಗಿ ಬರುತ್ತಾರೆ, ಮೃದುವಾಗಿ ಮಾತನಾಡುತ್ತಾರೆ; ಅವರಿಗೆ ಹೆಸರಿಡುವಂಥದ್ದು ಏನೂ ಇಲ್ಲ.

ತೊಂದರೆಯಿರುವುದು ಬೇರೆಡೆ. ನಮ್ಮ ಮಾತು ನಡೆಯುವುದು ಇಂಗ್ಲಿಷಿನಲ್ಲಿ. ಕಚೇರಿಯಲ್ಲಿ ದಿನವಿಡೀ ಅದೇ ಭಾಷೆಯಲ್ಲಿ ವ್ಯವಹರಿಸುವ ನನಗೆ ಅದು ಭಾರವಾಗಬಾರದಿತ್ತು, ಆದರೆ ಅಮ್ಮನ ವಿಷಯ ಎತ್ತಿದ ಕೂಡಲೇ ಯಾರಿಗೋ ವರದಿ ಒಪ್ಪಿಸುತ್ತಿದ್ದೇನೆ ಎನ್ನಿಸುತ್ತದೆ. ಎದೆ ಧಸಕ್ಕೆನ್ನುವುದನ್ನು ‘ಆಂಗ್ಸೈಟಿ’ ಎಂದು ಹೇಳಿದೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟಿರಬಹುದು ಎಂದು ಕೇಳಿದರು. ಏಳು ಎಂದೆ. ಏಳು ಎಂದ ಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ.

ಇನ್ನೊಂದು ಸಂಗತಿ. ವರ್ಷದ ತಿಥಿಯ ಖರ್ಚಿನ ವಿಚಾರಕ್ಕೆ ಅಣ್ಣ ದಿನಾ ಫೋನ್ ಮಾಡಿ ರೇಗುತ್ತಾನೆ ಎಂದಾಗ, ಕೆಲವು ದಿನ ಕರೆ ತೆಗೆಯದೆ ಒಂದು ‘ಬೌಂಡರಿ’, ಅಂದರೆ ಇಷ್ಟರಿಂದಾಚೆ ಬೇಡ ಎಂಬ ಗೆರೆ, ಹಾಕಿಕೊಳ್ಳಬಹುದಲ್ಲ ಎಂದು ಸೂಚಿಸಿದರು. ಅಪ್ಪ ಇರುವುದು ಅಣ್ಣನ ಮನೆಯಲ್ಲಿ, ಅವರ ಬಳಿ ಬೇರೆ ಫೋನಿಲ್ಲ. ಅಣ್ಣನ ಕರೆ ತೆಗೆಯದಿದ್ದರೆ ಅಪ್ಪನ ದನಿಯೂ ನನಗಿಲ್ಲ. ಇದನ್ನು ವಿವರಿಸಿ ಮುಗಿಸುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು.

ಎಷ್ಟು ಸೆಷನ್ ನೋಡಿ ತೀರ್ಮಾನಿಸುವುದು ಸರಿ? ಈಗ ಬಿಟ್ಟರೆ ನಾನು ನುಣುಚಿಕೊಂಡಂತೆ ಆಗುವುದಿಲ್ಲವೇ? ಹೊಸಬರನ್ನು ಹುಡುಕುವಾಗ ಏನನ್ನು ಗಮನಿಸಬೇಕು? ಪ್ರತಿಯೊಬ್ಬರ ಎದುರಿಗೂ ಅಮ್ಮನ ಸಾವನ್ನು ಮೊದಲಿನಿಂದ ಹೇಳುವ ತ್ರಾಣ ನನ್ನಲ್ಲಿಲ್ಲ.

ಜಿಲ್ಲಾಸ್ಪತ್ರೆಯವ

ನಮಸ್ಕಾರ ಮೇಡಂ. ನಾನು ಜಿಲ್ಲಾಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ, ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞನಾಗಿ, ಕೆಲಸ ಮಾಡುತ್ತೇನೆ. ಅರ್ಹತೆ ಬೇರೆ, ಹೊಂದಾಣಿಕೆ ಬೇರೆ. ಅರ್ಹತೆಯನ್ನು ಮೊದಲು ಖಚಿತಪಡಿಸಿಕೊಂಡರೆ ಹೊಂದಾಣಿಕೆಯ ಬಗ್ಗೆ ನಿಶ್ಚಿಂತೆಯಿಂದ ಯೋಚಿಸಬಹುದು. ‘ಥೆರಪಿಸ್ಟ್’ ಎಂಬ ಪದವನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಿಕೊಳ್ಳುತ್ತಿರುವುದು ನಮ್ಮಲ್ಲಿನ ವಾಸ್ತವ. ಮನೋವೈದ್ಯರು ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದವರು. ಔಷಧ ಬರೆದುಕೊಡುವ ಅಧಿಕಾರ ಅವರಿಗಿದೆ, ನಮಗಿಲ್ಲ. ನನ್ನಂಥ ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯ್ದೆಯಡಿ ಬರುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿತರಾಗಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳುವುದು ಅವಮಾನವೇನಲ್ಲ. ಕೇಳಿದ್ದಕ್ಕೆ ಮುಖ ಗಂಟಿಕ್ಕಿಕೊಳ್ಳುವವರಿದ್ದರೆ ಅಲ್ಲಿಂದ ಎದ್ದು ಬರಬಹುದು. ಆಪ್ತಸಮಾಲೋಚಕರಾದರೆ ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ, ಕಷ್ಟದ ಪ್ರಕರಣ ಬಂದಾಗ ಯಾವ ಹಿರಿಯರೊಡನೆ ಚರ್ಚಿಸುತ್ತಾರೆ ಎಂಬ ಮೂರು ಪ್ರಶ್ನೆ ಸಾಕು.

ಈಗ ಹೊಂದಾಣಿಕೆಯ ವಿಚಾರ. ಎಡ್ವರ್ಡ್ ಬೋರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1979ರಲ್ಲಿ ಇದನ್ನು ಮೂರು ಎಳೆಗಳಾಗಿ ಬಿಡಿಸಿ ನೋಡಿದರು: ಇಬ್ಬರ ನಡುವಿನ ವಿಶ್ವಾಸ, ಯಾವ ಗುರಿಗಾಗಿ ಕೂತಿದ್ದೇವೆ ಎಂಬುದರ ಬಗ್ಗೆ ಒಮ್ಮತ, ಆ ಗುರಿಗಾಗಿ ಏನು ಮಾಡುತ್ತೇವೆ ಎಂಬುದರ ಬಗ್ಗೆ ಒಮ್ಮತ. ನೀವು ಬರೆದದ್ದನ್ನು ಓದಿದರೆ ಮೊದಲನೆಯದಕ್ಕೆ ಧಕ್ಕೆಯಾದಂತೆ ಕಾಣುವುದಿಲ್ಲ. ಆದರೆ ನೀವು ಹೋಗಿರುವುದು ಅಮ್ಮನಿಗಾಗಿ ಅಳುವುದಕ್ಕೆ, ಅವರು ಹಿಡಿದಿರುವುದು ಅಣ್ಣನ ಕರೆಯನ್ನು ನಿಭಾಯಿಸುವ ಕೆಲಸವನ್ನು. ಇದನ್ನು ನೀವಿಬ್ಬರೂ ಕೂತು ಒಮ್ಮೆಯೂ ಮಾತನಾಡಿಕೊಂಡಿಲ್ಲ ಎಂದೇ ನನ್ನ ಊಹೆ.

ಆದ್ದರಿಂದ ಬಿಡುವ ಮೊದಲು ಮುಂದಿನ ಸೆಷನ್ನಿನ ಮೊದಲ ಐದು ನಿಮಿಷದಲ್ಲೇ ಇದನ್ನು ಅವರಿಗೆ ಹೇಳಿಬಿಡಿ. ಸುತ್ತಿಬಳಸುವುದು ಬೇಡ, ಇಲ್ಲಿ ಬರೆದಿರುವ ಆ ‘ಏಳು’ ಎಂಬ ಮಾತನ್ನೇ ಹೇಳಿದರೂ ಸಾಕು. ಅವರು ತಮ್ಮನ್ನು ಸಮರ್ಥಿಸಿಕೊಳ್ಳುವುದಕ್ಕೆ ಹೊರಟರೆ, ಅಥವಾ ನೀವು ಚಿಕಿತ್ಸೆಗೆ ಪ್ರತಿರೋಧ ತೋರುತ್ತಿದ್ದೀರಿ ಎಂದು ತಕ್ಷಣ ಹಣೆಪಟ್ಟಿ ಹಚ್ಚಿದರೆ, ನಿಮಗೆ ಉತ್ತರ ಸಿಕ್ಕಂತೆಯೇ. ಹಾಗಲ್ಲದೆ ‘ಇನ್ನಷ್ಟು ಹೇಳಿ’ ಎಂದರೆ ಇನ್ನೆರಡು ಸೆಷನ್ ನೋಡಿ. ಮೂರ್ನಾಲ್ಕು ಭೇಟಿಗಳಲ್ಲಿ ಒಂದು ಅಂದಾಜು ಸಿಗುತ್ತದೆ ಎನ್ನುವುದು ನನ್ನ ಅನುಭವವೇ ಹೊರತು ನಿಯಮವಲ್ಲ. ನೋವಿನ ವಿಷಯಕ್ಕೆ ಕೈಯಿಟ್ಟಾಗ ಆಗುವ ಇರಿಸುಮುರಿಸೇ ಬೇರೆ, ಇವರಿಗೆ ನಾನು ಅರ್ಥವಾಗುತ್ತಿಲ್ಲ ಎಂಬ ಇರಿಸುಮುರಿಸೇ ಬೇರೆ. ಮೊದಲನೆಯದಕ್ಕೆ ಹೆದರಿ ಬಿಟ್ಟರೆ ನುಣುಚಿಕೊಂಡಂತೆ, ನಿಮ್ಮದು ಎರಡನೆಯದು. (ಹೇಳಿದ್ದಕ್ಕೆಲ್ಲ ಹೌದು ಹೌದು ಎನ್ನುವ ಥೆರಪಿಸ್ಟ್ ಮೊದಲ ದಿನವೇ ಬಹಳ ಒಗ್ಗಿಬಿಡುತ್ತಾರೆ. ಅದೂ ಒಂದು ಅಪಾಯವೇ.)

ಕಾಯದೆ ಬಿಡಬೇಕಾದ ಸಂದರ್ಭಗಳೂ ಇವೆ: ನಿಮ್ಮ ಮಾತನ್ನು ಇನ್ನೊಬ್ಬರಿಗೆ ಹೇಳಿದ್ದು ಗೊತ್ತಾದರೆ, ಇಂತಿಷ್ಟು ಸೆಷನ್ನಿನಲ್ಲಿ ಗುಣವಾಗುತ್ತದೆ ಎಂದು ಖಾತರಿ ಕೊಟ್ಟರೆ, ಸೆಷನ್ನಿನ ಹೊರಗೆ ಸ್ನೇಹವನ್ನೋ ವ್ಯವಹಾರವನ್ನೋ ಬೆಳೆಸಲು ನೋಡಿದರೆ. ಗೋಪ್ಯತೆ ನಿಮ್ಮ ಹಕ್ಕು; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಅದನ್ನೇ ಹೇಳುತ್ತದೆ, ಜೀವಕ್ಕೆ ಅಪಾಯವಿರುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟು. ಮೊದಲಿನಿಂದ ಹೇಳುವ ಕಷ್ಟಕ್ಕೆ ಸುಲಭದ ದಾರಿಯಿದೆ: ಈಗಿನವರಿಂದಲೇ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ, ನಿಮ್ಮ ಒಪ್ಪಿಗೆಯಿದ್ದರೆ ಅವರು ಹೊಸಬರಿಗೆ ನೇರವಾಗಿ ಕಳುಹಿಸಲೂಬಹುದು. ಕೊನೆಯದಾಗಿ, ನಿದ್ದೆಯಿಲ್ಲದ ರಾತ್ರಿಗಳು ಸಾಲುಸಾಲಾಗಿ ಬರುತ್ತಿದ್ದರೆ ಒಮ್ಮೆ ಮನೋವೈದ್ಯರನ್ನೂ ಕಾಣಿರಿ. ಹಾಗೆಂದು ಥೆರಪಿಯನ್ನು ಬಿಡಬೇಕಾಗಿಲ್ಲ.

ಬಯಲುಸೀಮೆ

ಮೇಲಿನ ಸರ್ ಬರೆದದ್ದಕ್ಕೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ, ಏಕೆಂದರೆ ಕನ್ನಡದವರೇ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ನಾನು ಧಾರವಾಡ ಜಿಲ್ಲೆಯವನು. ಇಂಗ್ಲಿಷಿನವರನ್ನು ಬಿಟ್ಟು, ಹುಡುಕಿ ಹುಡುಕಿ ನಮ್ಮ ಸೀಮೆಯ ಮಾತನಾಡುವವರನ್ನೇ ಹಿಡಿದೆ. ಅವರು ಕೇಳಿದ ಎರಡನೆಯ ಪ್ರಶ್ನೆ ‘ಯಾವ ಊರು’ ಎಂಬುದು, ಮೂರನೆಯದು ‘ಯಾರ ಪೈಕಿ’ ಎಂಬುದು. ಆ ಊರಿನಲ್ಲಿ ತಮ್ಮ ಬೀಗರಿದ್ದಾರೆ ಎಂದು ಖುಷಿಯಿಂದಲೇ ಹೇಳಿದರು. ಬೇರೆಯ ಕಡೆಯಾಗಿದ್ದರೆ ಅದು ಪ್ರೀತಿಯ ಮಾತು. ನಾನು ಅಲ್ಲಿಗೆ ಹೋದದ್ದು ಮುರಿದುಬೀಳುತ್ತಿದ್ದ ನನ್ನ ಮದುವೆಯ ವಿಷಯ ಹೇಳಲು, ಆ ಕ್ಷಣಕ್ಕೆ ನನ್ನ ಬಾಯಿ ಕಟ್ಟಿಹೋಯಿತು.

ಕೊನೆಗೆ ಒಗ್ಗಿದವರು ಕೇರಳದ ಒಬ್ಬ ಮಹಿಳೆ. ಅವರ ಕನ್ನಡ ಅಷ್ಟಕ್ಕಷ್ಟೇ. ‘ಹೊಟ್ಟೆಯೊಳಗೆ ಕಿವುಚಿದಂತಾಗುತ್ತದೆ’ ಎಂದೆ. ಕಿವುಚುವುದು ಎಂದರೇನು, ಕೈಯಿಂದ ಮಾಡಿ ತೋರಿಸಿ ಎಂದರು. ಅನ್ನದಲ್ಲಿ ಬಾಳೆಹಣ್ಣು ಕಿವುಚುವ ಹಾಗೆ ಬೆರಳಾಡಿಸಿ ತೋರಿಸಿದೆ. ಅದು ಯಾವ ಹೊತ್ತಿನಲ್ಲಿ ಶುರುವಾಗುತ್ತದೆ ಎಂದು ಕೇಳಿದರು. ಮನೆಯ ಬೀಗಕ್ಕೆ ಕೀಲಿಕೈ ಹಾಕುವಾಗ ಎಂಬ ಉತ್ತರ ನನ್ನ ಬಾಯಿಂದ ಬಂದಾಗ ನನಗೇ ಅಚ್ಚರಿಯಾಯಿತು, ಅಲ್ಲಿಯವರೆಗೆ ನಾನದನ್ನು ಗಮನಿಸಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಭಾಷೆ ಬಲ್ಲವರಿಗಿಂತ, ಆಡಿದ ಮಾತನ್ನು ಗೊತ್ತಾಯಿತೆಂದು ದಾಟಿಹೋಗದೆ ಅದರ ಹತ್ತಿರ ಕೂರುವವರು ಬೇಕು. ಎರಡೂ ಒಬ್ಬರಲ್ಲೇ ಸಿಕ್ಕರೆ ಅದು ನಿಮ್ಮ ಅದೃಷ್ಟ.

ನಿವೃತ್ತ ನರ್ಸ್

ತಂಗೀ, ಖರ್ಚಿನ ಬಗ್ಗೆ ಯಾರೂ ಬರೆದಿಲ್ಲವೆಂದು ಇಷ್ಟು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲೇ ಇರುವುದರಿಂದ ಬಿಟಿಎಂ ಲೇಔಟಿನಲ್ಲಿರುವ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರದಲ್ಲಿ ವಿಚಾರಿಸಬಹುದು. ಹೊಸೂರು ರಸ್ತೆಯ ದೊಡ್ಡಾಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೂ ಅದು ಅನುಕೂಲ. ಊರಿನ ಕಡೆ ಅಪ್ಪನಿಗೂ ಬೇಕಾದರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ಮಂಗಳವಾರವೆಂದು ಮೊದಲೇ ಕೇಳಿಕೊಂಡು ಹೋಗುವುದು ಒಳಿತು. ನಡುರಾತ್ರಿ ಎದೆ ಹೊಡೆದುಕೊಳ್ಳುತ್ತಿದ್ದರೆ 14416ಕ್ಕೆ ಕರೆ ಮಾಡು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ವಾರವಾರದ ಥೆರಪಿಗೆ ಅದು ಬದಲಿಯಲ್ಲ, ಆ ಒಂದು ರಾತ್ರಿಗೆ ಆಸರೆ.

ಘಟ್ಟದಮಳೆ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯ ಸೆಷನ್ನಿನಲ್ಲಿ ಹೇಳಿಯೇಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಐದು ನಿಮಿಷ ಕನ್ನಡದಲ್ಲೇ ಹೇಳಿ, ಅರ್ಥವಾಗದಿದ್ದರೂ ಕೇಳುತ್ತೇನೆ ಎಂದರು. ಅಮ್ಮ ತೀರಿಕೊಂಡ ದಿನ ಬೆಳಿಗ್ಗೆ ಕಾಫಿ ಬೇಕೆಂದು ಕೇಳಿದ್ದು, ಡಾಕ್ಟರು ಬೇಡವೆಂದಿದ್ದಾರೆ ಎಂದು ನಾನು ಕೊಡದೆ ಇದ್ದದ್ದು, ಅಷ್ಟನ್ನೇ ಹೇಳಿದೆ. ಇದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ನಿಮ್ಮ ದನಿಯೇ ಬೇರೆಯಾಯಿತು, ಆದರೆ ಮಾತು ನನಗೆ ಅರ್ಧ ಮಾತ್ರ ಸಿಕ್ಕಿತು, ಇದು ನಿಮಗೆ ನ್ಯಾಯವಲ್ಲ ಎಂದು ಅವರೇ ಹೇಳಿ, ಕನ್ನಡ ಬಲ್ಲ ಇಬ್ಬರ ಹೆಸರು ಕೊಟ್ಟಿದ್ದಾರೆ. ಸಾರಾಂಶವನ್ನೂ ಬರೆದುಕೊಡುತ್ತಾರಂತೆ. ಇಬ್ಬರಲ್ಲಿ ಒಬ್ಬರು ಗುರುವಾರಕ್ಕೆ ಸಮಯ ಕೊಟ್ಟಿದ್ದಾರೆ; ಸರ್ ಹೇಳಿದ ನೋಂದಣಿ ಸಂಖ್ಯೆಯನ್ನು ಫೋನಿನಲ್ಲೇ ಕೇಳಿದೆ, ಬೇಸರಿಸದೆ ಕೊಟ್ಟರು. ಮುಂಗಡ ಕಟ್ಟಿದ್ದ ಎರಡು ಸೆಷನ್‌ಗಳ ಹಣವನ್ನು ಆ್ಯಪ್‌ನವರು ಹಿಂತಿರುಗಿಸುತ್ತಾರೋ ಇಲ್ಲವೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.